ಓಟಿ (ಓವರ್‌ಟೈಮ್ ಕೂಲಿ) ಯಾರಿಗೆ ಕೊಡಬೇಕು? ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ನಮ್ಮ ಫ್ಯಾಕ್ಟರಿಯ ಪಟ್ಟಿ ಮಾಡಿದ ಕಥೆ

2025ರ ನವೆಂಬರ್ 21, ಶುಕ್ರವಾರ. ನಾಲ್ಕು ಕಾರ್ಮಿಕ ಸಂಹಿತೆಗಳು (ಹಳೆಯ ಕಾರ್ಮಿಕ ಕಾಯ್ದೆಗಳ ಬದಲು ತಂದ ಕೇಂದ್ರದ ಕಾನೂನುಗಳು) ಅವತ್ತಿನಿಂದಲೇ ಜಾರಿ ಅಂತ ಸುದ್ದಿ ಬಂತು. ವೇತನ ಸಂಹಿತೆ 2019ರದ್ದು, ಉಳಿದ ಮೂರು 2020ರವು. ಐದು ವರ್ಷದಿಂದ "ಬರುತ್ತೆ, ಬರುತ್ತೆ" ಅಂತ ಕೇಳಿ ಕೇಳಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಾನು ತುಮಕೂರಿನ ವಸಂತನರಸಾಪುರದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಹಾಜರಿ, ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವೈದ್ಯಕೀಯ ವಿಮೆ) ಎಲ್ಲ ನೋಡಿಕೊಳ್ಳುತ್ತೇನೆ. ತಿಂಗಳ ಸಂಬಳದ ಲೆಕ್ಕ ಮುಗಿಸುವ ಹೊತ್ತಿಗೆ ಈ ಸುದ್ದಿ. ಸೋಮವಾರ ಬೆಳಿಗ್ಗೆ ಮಾಲೀಕರು ಕರೆದು, "ಯಾರ್ಯಾರಿಗೆ ಓಟಿ ಕೊಡಬೇಕು, ಯಾರಿಗೆ ಬೇಡ, ಒಂದು ಪಟ್ಟಿ ಮಾಡಿ ಕೊಡಿ ಮೇಡಂ" ಅಂದರು. ಎರಡು ದಿನದ ಕೆಲಸ ಅಂತ ಅವರು ಅಂದುಕೊಂಡಿದ್ದರು. ಮುಗಿಯುವಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು.

ನನ್ನ ಥರದ ಕೆಲಸದಲ್ಲಿರುವವರು ಈಗ ಇದೇ ಪಟ್ಟಿ ಮಾಡುತ್ತಾ ಕೂತಿರಬಹುದು. ನನಗೆ ಎಲ್ಲೆಲ್ಲಿ ಗೊಂದಲ ಆಯಿತು, ಹೇಗೆ ಬಿಡಿಸಿಕೊಂಡೆ ಅಂತ ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಹಳೆಯ ಲೆಕ್ಕ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದರೆ ದುಪ್ಪಟ್ಟು ಕೂಲಿ. ಅದು 59ನೇ ಸೆಕ್ಷನ್. 2023ರಲ್ಲಿ ನಮ್ಮ ರಾಜ್ಯ ಆ ಕಾಯ್ದೆಗೆ ತಿದ್ದುಪಡಿ ತಂದು, ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿಯನ್ನು 144ಕ್ಕೆ ಏರಿಸಿತ್ತು. ನಮ್ಮಲ್ಲಿ ಯಂತ್ರದ ಮೇಲೆ ನಿಲ್ಲುವ ಆಪರೇಟರುಗಳಿಗೆ, ಹೆಲ್ಪರುಗಳಿಗೆ ಓಟಿ ಸರಿಯಾಗಿಯೇ ಹೋಗುತ್ತಿತ್ತು. ಆದರೆ "ಸ್ಟಾಫ್" ಅಂತ ಒಂದು ಗುಂಪು ಇತ್ತು. ಲೈನ್ ಸೂಪರ್‌ವೈಸರು, ಕ್ಯೂಸಿ (ಗುಣಮಟ್ಟ ಪರೀಕ್ಷೆ) ಎಕ್ಸಿಕ್ಯುಟಿವ್, ಸ್ಟೋರ್ಸ್ ಇನ್‌ಚಾರ್ಜ್, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಪ್ರೋಗ್ರಾಮರು. ಇವರು ರಾತ್ರಿ ಎಂಟಾದರೂ ಓಟಿ ಇಲ್ಲ. ಬೇಕಾದರೆ ಇನ್ನೊಂದು ದಿನ ಸ್ವಲ್ಪ ತಡವಾಗಿ ಬರಬಹುದು, ಅಷ್ಟೇ. ನಾನು ಸೇರುವ ಮುಂಚಿನಿಂದ ಹೀಗೇ ನಡೆದುಬಂದಿತ್ತು.

ಹೊಸ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆಯಲ್ಲಿ ಓಟಿ ಸಿಗುವುದು "ವರ್ಕರ್"ಗೆ. ಯಾರು ವರ್ಕರ್? ಕೈಕೆಲಸ, ಕುಶಲ, ತಾಂತ್ರಿಕ, ಗುಮಾಸ್ತೆ, ಮೇಲ್ವಿಚಾರಣೆ, ಇಂಥ ಯಾವ ಕೆಲಸ ಮಾಡುವವರೂ ವರ್ಕರೇ. ಹೊರಗೆ ಉಳಿಯುವುದು ಮುಖ್ಯವಾಗಿ ಎರಡು ಥರದ ಜನ. ಮ್ಯಾನೇಜರ್ ಅಥವಾ ಆಡಳಿತದ ಸ್ಥಾನದಲ್ಲಿ ಇರುವವರು ಒಂದು. ಮೇಲ್ವಿಚಾರಣೆ ಮಾಡುತ್ತಾ ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ವೇತನ ಪಡೆಯುವವರು ಇನ್ನೊಂದು.

ಈ 18,000 ಅನ್ನುವ ಸಂಖ್ಯೆ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಅಕೌಂಟ್ಸ್‌ನವರು ಎಕ್ಸೆಲ್‌ನಲ್ಲಿ ಒಂದು ಫಿಲ್ಟರ್ ಹಾಕಿ, ಹದಿನೆಂಟು ಸಾವಿರ ದಾಟಿದವರೆಲ್ಲ ಹೊರಗೆ ಅಂತ ಅರ್ಧ ಗಂಟೆಯಲ್ಲಿ ಪಟ್ಟಿ ತಂದುಕೊಟ್ಟರು. ಅದನ್ನು ಹಾಗೇ ಒಪ್ಪಿದ್ದರೆ ನಮ್ಮ ಒಳ್ಳೊಳ್ಳೆ ಆಪರೇಟರುಗಳೂ ಓಟಿ ಕಳೆದುಕೊಳ್ಳುತ್ತಿದ್ದರು. ದಯವಿಟ್ಟು ಇದನ್ನು ಎರಡು ಸಲ ಓದಿ: ಆ ಮಿತಿ ಇರುವುದು ಮೇಲ್ವಿಚಾರಣೆಯ ಕೆಲಸದವರಿಗೆ ಮಾತ್ರ. ನಮ್ಮ ಸಿಎನ್‌ಸಿ ಪ್ರೋಗ್ರಾಮರಿಗೆ 42,000 ಸಂಬಳ. ಅವರು ಮಾಡುವುದು ತಾಂತ್ರಿಕ ಕೆಲಸ, ಅವರ ಕೈಕೆಳಗೆ ಒಬ್ಬರೂ ಇಲ್ಲ. ಅವರು ವರ್ಕರೇ. ಸಂಬಳ ಎಷ್ಟಾದರೂ ಆಗಲಿ.

ಹಾಗಾಗಿ ಸಂಬಳದ ಶೀಟು ಪಕ್ಕಕ್ಕಿಟ್ಟು ಶಾಪ್ ಫ್ಲೋರಿಗೆ ಹೋದೆ. ಒಬ್ಬ ಮನುಷ್ಯ ದಿನವಿಡೀ ಮುಖ್ಯವಾಗಿ ಏನು ಮಾಡುತ್ತಾನೆ ಅನ್ನುವುದನ್ನೇ ಕೋರ್ಟುಗಳು ನೋಡುತ್ತವೆ, ಹುದ್ದೆಯ ಹೆಸರಿಗೆ ಅಲ್ಲಿ ಹೆಚ್ಚು ಬೆಲೆ ಇಲ್ಲ. ನಾನು ಪ್ರತಿಯೊಬ್ಬರ ಬಗ್ಗೆ ಕೇಳಿಕೊಂಡಿದ್ದು ಇಷ್ಟು. ಯಾರಿಗೆ ಯಾವ ಯಂತ್ರ ಅಂತ ಇವರೇ ತೀರ್ಮಾನ ಮಾಡುತ್ತಾರಾ? ರಜೆ ಕೊಡುವ ಅಧಿಕಾರ ಇದೆಯಾ? ಮೆಮೊ ಕೊಡಬಹುದಾ? ಇವರೇ ಯಂತ್ರದ ಮೇಲೆ ಎಷ್ಟು ಹೊತ್ತು ಇರುತ್ತಾರೆ?

ಬಾಯಿ ಮಾತಿಗಿಂತ ಕಾಗದ ಜಾಸ್ತಿ ಹೇಳಿತು. ನಮ್ಮ ರಜೆ ಅರ್ಜಿಯ ಕೆಳಗೆ ಎರಡು ಸಹಿಯ ಜಾಗ ಇದೆ. ಎಡಗಡೆ "ಶಿಫಾರಸು", ಬಲಗಡೆ "ಮಂಜೂರು". ಹಳೆಯ ಅರ್ಜಿಗಳ ಕಟ್ಟು ಬಿಚ್ಚಿ ನೋಡಿದೆ. ಲೈನ್ ಸೂಪರ್‌ವೈಸರುಗಳ ಸಹಿ ಬರೀ ಎಡಗಡೆ. ಬಲಗಡೆ ಎಲ್ಲ ಪ್ರೊಡಕ್ಷನ್ ಮ್ಯಾನೇಜರದ್ದೇ. ಗೇಟ್ ಪಾಸ್ ಪುಸ್ತಕದಲ್ಲೂ ಅದೇ ಕಥೆ. ಶಿಫ್ಟ್ ಬದಲಾವಣೆಯ ಚೀಟಿಗಳಲ್ಲೂ ಅದೇ. ಇಬ್ಬರು ಶಿಫ್ಟ್ ಇನ್‌ಚಾರ್ಜ್‌ಗಳು ಮಾತ್ರ ನಿಜವಾಗಿ ಜನರನ್ನು ಹಾಕುವುದು, ತೆಗೆಯುವುದು, ರಾತ್ರಿ ರಜೆ ಕೊಡುವುದು ಮಾಡುತ್ತಿದ್ದರು. ಕ್ಯೂಸಿ "ಎಕ್ಸಿಕ್ಯುಟಿವ್" ಇಡೀ ದಿನ ವರ್ನಿಯರ್, ಮೈಕ್ರೋಮೀಟರ್ ಹಿಡಿದು ಅಳತೆ ನೋಡಿ ರಿಪೋರ್ಟ್ ಬರೆಯುತ್ತಾರೆ. ಲೈನ್ ಸೂಪರ್‌ವೈಸರು ಅಂತ ಬ್ಯಾಡ್ಜ್ ಹಾಕಿಕೊಂಡ ಇನ್ನೊಬ್ಬರ ಕೈ ಮೊಣಕೈವರೆಗೂ ಕೂಲೆಂಟ್‌ನಲ್ಲಿ (ಯಂತ್ರ ತಂಪಾಗಿಸುವ ದ್ರವ) ತೊಯ್ದಿತ್ತು. ಆಪರೇಟರ್ ಬರದಿದ್ದಾಗ ಅವರೇ ಯಂತ್ರ ಓಡಿಸುತ್ತಾರೆ. ವಾರದಲ್ಲಿ ಆಪರೇಟರ್ ಕಮ್ಮಿ ಇಲ್ಲದ ದಿನ ಯಾವುದಿತ್ತು ಅಂತ ಕೇಳಿದರೆ ನೆನಪಾಗಲಿಲ್ಲ.

ಇಲ್ಲಿ ಒಂದು ಮಾತು: ಇಂಥ ಕಾಗದಗಳ ಝೆರಾಕ್ಸ್ ಮಾಡಿ ಆಯಾ ವ್ಯಕ್ತಿಯ ಫೈಲಿನಲ್ಲಿ ಇಡಿ. "ಇವರನ್ನು ಈ ಕಾರಣಕ್ಕೆ ಈ ಗುಂಪಿಗೆ ಹಾಕಿದೆವು" ಅಂತ ಅರ್ಧ ಪುಟ ಬರೆದು ದಿನಾಂಕ ಹಾಕಿ. ನಾಳೆ ಯಾರಾದರೂ ಕೇಳಿದಾಗ ಉತ್ತರ ಕೊಡುವವರು ನೀವಲ್ಲದೆ ಬೇರೆಯವರೂ ಇರಬಹುದು.

ಮೇಲ್ವಿಚಾರಣೆ ನಿಜವಾಗಿಯೂ ಮಾಡುವವರು ಕೊನೆಗೆ ಕೆಲವೇ ಜನ ಉಳಿದರು. ಈಗ ಅವರ ವೇತನ 18,000 ದಾಟುತ್ತದಾ ಅಂತ ನೋಡಬೇಕಿತ್ತು. ಒಬ್ಬರ ಒಟ್ಟು ಸಂಬಳ 33,000. "ಇದರಲ್ಲಿ ಯೋಚನೆ ಮಾಡೋದೇನಿದೆ?" ಅಂತ ಅಕೌಂಟ್ಸ್‌ನವರು ಕೇಳಿದರು. ಯೋಚನೆ ಮಾಡಬೇಕಿತ್ತು. ಸಂಹಿತೆಯ ಪ್ರಕಾರ "ವೇತನ" ಅಂದರೆ ಕೈಗೆ ಬರುವ ಅಷ್ಟೂ ದುಡ್ಡಲ್ಲ. ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರುತ್ತವೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಬೋನಸ್, ಓಟಿ, ಮಾಲೀಕರು ಕಟ್ಟುವ ಪಿಎಫ್ ಇಂಥವು ಸೇರುವುದಿಲ್ಲ. ಆದರೆ ಹೀಗೆ ಬಿಟ್ಟಿದ್ದೆಲ್ಲ ಒಟ್ಟಿನ ಅರ್ಧ ದಾಟಿದರೆ, ದಾಟಿದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು.

ಅವರ ಲೆಕ್ಕ ಹೀಗಿತ್ತು. ಬೇಸಿಕ್ ಮತ್ತು ಡಿಎ 15,500. ಮನೆ ಬಾಡಿಗೆ 10,000. ಪ್ರಯಾಣ 7,500. ಭತ್ಯೆ ಎರಡೂ ಸೇರಿ 17,500. 33,000ದ ಅರ್ಧ 16,500. ಸಾವಿರ ರೂಪಾಯಿ ಜಾಸ್ತಿ ಆಯಿತು, ಅದು ವೇತನಕ್ಕೆ ವಾಪಸ್ಸು. ಈಗ ವೇತನ 16,500. ಮಾಲೀಕರ ಪಾಲಿನ ಪಿಎಫ್ 1,800 ರೂಪಾಯಿಯನ್ನೂ ಸೇರಿಸಿ ಲೆಕ್ಕ ಹಾಕಿದೆ, ಒಟ್ಟು 34,800 ಆಯಿತು, ಆಗಲೂ ವೇತನ ಅದರ ಅರ್ಧ, 17,400. ಹದಿನೆಂಟು ಸಾವಿರ ದಾಟಲಿಲ್ಲ. ಅಂದರೆ 33,000 ಎಣಿಸಿಕೊಳ್ಳುವ ಸೂಪರ್‌ವೈಸರ್ ಕೂಡ ಓಟಿಗೆ ಅರ್ಹರು! ಬೇಸಿಕ್ ಕಮ್ಮಿ ಇಟ್ಟು ಭತ್ಯೆ ಜಾಸ್ತಿ ತೋರಿಸುವ ಹಳೆಯ ಅಭ್ಯಾಸ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಇನ್ನೊಂದು ವಿಷಯ, "ಸ್ಪೆಷಲ್ ಅಲೋವನ್ಸ್" ಅಂತ ಸುಮ್ನೆ ಒಂದು ಸಾಲು ಇದ್ದರೆ, ಅದು ಬಿಡಬಹುದಾದವುಗಳ ಪಟ್ಟಿಯಲ್ಲಿ ಇಲ್ಲ. ಅದನ್ನು ವೇತನದಲ್ಲೇ ಹಿಡಿದೆವು.

ವೇತನ ಸಂಹಿತೆ ಓದಿದಾಗ ಮತ್ತೊಂದು ತೊಡಕು ಕಂಡಿತು. ಅಲ್ಲಿ ಓಟಿಯ ಮಾತು ಬರುವುದು "ಎಂಪ್ಲಾಯಿ" ಅನ್ನುವ ಪದದ ಜೊತೆ. ಆ ಪದದಲ್ಲಿ ಸೂಪರ್‌ವೈಸರು, ಮ್ಯಾನೇಜರು ಎಲ್ಲರೂ ಬರುತ್ತಾರೆ, 18,000ದ ಮಿತಿಯೂ ಇಲ್ಲ. ಆದರೆ ಅದು ಕನಿಷ್ಠ ವೇತನ ನಿಗದಿಯಾದ ಕೆಲಸದವರ ಬಗ್ಗೆ ಹೇಳುತ್ತದೆ. ಎರಡು ಸಂಹಿತೆ, ಎರಡು ಪದ. ನಾವು ಸಲಹೆ ಕೇಳಿದ ಇಬ್ಬರು ಲೇಬರ್ ಕನ್ಸಲ್ಟೆಂಟುಗಳು ಇದರ ಬಗ್ಗೆ ಎರಡು ಥರ ಹೇಳಿದರು. ಇಬ್ಬರಿಗೂ ಫೀಸು ಕೊಟ್ಟಿದ್ದಾಯಿತು. ಕೊನೆಗೆ ಅನುಮಾನ ಇದ್ದ ಕಡೆಯೆಲ್ಲ ಕೆಲಸಗಾರರ ಪರವಾಗಿಯೇ ತೀರ್ಮಾನ ಮಾಡೋಣ ಅಂತ ನಾನು ಬರೆದುಕೊಟ್ಟೆ. ಮಾಲೀಕರು ಒಂದು ವಾರ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಆಮೇಲೆ ಸಹಿ ಹಾಕಿದರು. ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಫ್ಲೋರಿನಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು.

ಮಧ್ಯದಲ್ಲಿ ಸಂಬಂಧಪಟ್ಟ ಕಚೇರಿಗೂ ಹೋಗಿ ಬಂದೆ. ಬೆಂಚಿನ ಮೇಲೆ ಕಾಯುವುದೇ ಜಾಸ್ತಿ. ರಾಜ್ಯದ ನಿಯಮಗಳು ಆಗ ಇನ್ನೂ ಅಂತಿಮವಾಗಿ ಬಂದಿರಲಿಲ್ಲ. ಅಲ್ಲಿಯವರೆಗೆ ಹಳೆಯ ನಿಯಮ, ಅಧಿಸೂಚನೆಗಳು ಮುಂದುವರಿಯುತ್ತವೆ ಅಂತ ಕೇಂದ್ರ ಸರ್ಕಾರ ಹೇಳಿತ್ತು. ಹಾಗಾಗಿ ರಾಜ್ಯದ ನಿಯಮ ಬರುವವರೆಗೆ ಹಳೆಯ ರಿಜಿಸ್ಟರುಗಳನ್ನು ನಿಲ್ಲಿಸಬೇಡಿ. ನಾವು ಓಟಿ ರಿಜಿಸ್ಟರನ್ನು ಹಳೆಯ ನಮೂನೆಯಲ್ಲೇ ಇಟ್ಟು, ಒಪ್ಪಿಗೆಗೆ ಅಂತ ಒಂದು ಕಾಲಂ ಸೇರಿಸಿದೆವು. ಹೊಸ ಸಂಹಿತೆಯಲ್ಲಿ ಓಟಿ ಮಾಡಿಸಲು ಕೆಲಸಗಾರರ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಮಾಡಿಸಿ, ನಾಲ್ಕು ಸಾಲು ಸಾಕು. ಓದದೆ ಸಹಿ ಹಾಕಿಸಿಕೊಂಡ ಇಂಗ್ಲಿಷ್ ಕಾಗದದಿಂದ ಯಾರಿಗೂ ಉಪಯೋಗ ಇಲ್ಲ.

ನಾನು ಸ್ವಲ್ಪವೂ ನಿರೀಕ್ಷೆ ಮಾಡದ ಕಷ್ಟ ಬಂದಿದ್ದು ಸೂಪರ್‌ವೈಸರುಗಳಿಂದಲೇ. ಓಟಿ ಸಿಗುತ್ತೆ ಅಂದರೆ ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಹದಿನೇಳು ವರ್ಷದಿಂದ ಇರುವ ಹಿರಿಯರೊಬ್ಬರು ನನ್ನ ಟೇಬಲ್ ಹತ್ತಿರ ಬಂದು ನಿಂತರು. ಕೂತ್ಕೊಳ್ಳಿ ಅಣ್ಣಾ ಅಂದರೂ ಕೂರಲಿಲ್ಲ.

"ಮೇಡಂ, ಅಂದ್ರೆ ನಾನು ಇನ್ನು ಸ್ಟಾಫ್ ಅಲ್ವಾ?"

ನಮ್ಮಲ್ಲಿ ಸ್ಟಾಫಿಗೆ ಬೂದು ಅಂಗಿ, ಉಳಿದವರಿಗೆ ನೀಲಿ ಅಂಗಿ. ನೀಲಿಯಿಂದ ಬೂದಿಗೆ ಬರಲು ಅವರಿಗೆ ಹತ್ತು ವರ್ಷ ಹಿಡಿದಿತ್ತು. ಕ್ಯಾಂಟೀನಿನಲ್ಲಿ ಕೂರುವ ಜಾಗ ಬೇರೆ, ಊರಿನಲ್ಲಿ ಕರೆಯುವ ರೀತಿ ಬೇರೆ. ತಿಂಗಳಿಗೆ ನಾಲ್ಕೈದು ಸಾವಿರ ಬಂದರೂ ಆ ಅಂಗಿ ಬಿಚ್ಚಲು ಅವರು ತಯಾರಿರಲಿಲ್ಲ. ಕಾನೂನಿನ ಗುಂಪು ಬೇರೆ, ಕಂಪನಿ ಕೊಟ್ಟ ಹುದ್ದೆ ಬೇರೆ, ಹುದ್ದೆ ಹಾಗೇ ಇರುತ್ತೆ ಅಂತ ಎಷ್ಟು ಹೇಳಿದರೂ ಅವರ ಮುಖ ಸಡಿಲ ಆಗಲಿಲ್ಲ. ಕೊನೆಗೆ ಮಾಲೀಕರಿಗೆ ಹೇಳಿ ನೋಟಿಸ್ ಹಾಕಿಸಿದೆ: ಹುದ್ದೆಯ ಹೆಸರು, ಸಮವಸ್ತ್ರ, ಕ್ಯಾಂಟೀನ್ ಯಾವುದೂ ಬದಲಾಗುವುದಿಲ್ಲ, ಓಟಿ ಮಾತ್ರ ಸೇರುತ್ತದೆ. ಹೊಸ ಸಂಹಿತೆಯಲ್ಲಿ ನೇಮಕಾತಿ ಪತ್ರ ಎಲ್ಲರಿಗೂ ಕಡ್ಡಾಯ ತಾನೆ, ಆ ಪತ್ರದಲ್ಲೂ ಹಳೆಯ ಹುದ್ದೆಯನ್ನೇ ಬರೆದೆವು. ಪತ್ರ ಕೈಗೆ ಬಂದ ದಿನ ಅವರು ಬಂದು ಕೂತು ಟೀ ಕುಡಿದರು. ಪಟ್ಟಿ ಅಂಟಿಸುವ ಮುಂಚೆ ಒಬ್ಬೊಬ್ಬರನ್ನೇ ಕರೆದು ಮಾತಾಡಿ. ಬೋರ್ಡಿನಲ್ಲಿ ನೋಡಿ ತಿಳಿಯುವ ವಿಷಯ ಅಲ್ಲ ಇದು.

ಶನಿವಾರದ ಗಲಾಟೆ ಇನ್ನೂ ದೊಡ್ಡದು. ನಮ್ಮ ಜನರಲ್ ಶಿಫ್ಟಿನವರು ಐದು ದಿನ ಒಂಬತ್ತು ಗಂಟೆ, ಶನಿವಾರ ಮೂರು ಗಂಟೆ ಮಾಡುತ್ತಿದ್ದರು. ಒಟ್ಟು 48. ಹಳೆಯ ಕಾಯ್ದೆಯಲ್ಲಿ ಇದಕ್ಕೆ ಓಟಿ ಬರುತ್ತಿರಲಿಲ್ಲ. ಹೊಸದರಲ್ಲಿ ದಿನಕ್ಕೆ 8 ಗಂಟೆ ಅಂತ ಸೆಕ್ಷನ್ನಿನಲ್ಲೇ ಇದೆ. ಓಟಿಯನ್ನು ದಿನದ ಲೆಕ್ಕದಲ್ಲೋ ವಾರದ ಲೆಕ್ಕದಲ್ಲೋ ಕೆಲಸಗಾರರಿಗೆ ಯಾವುದು ಅನುಕೂಲವೋ ಹಾಗೆ ನೋಡಬೇಕು ಅಂತಲೂ ಇದೆ. ಹಾಗಾದರೆ ದಿನಾ ಒಂಬತ್ತನೇ ಗಂಟೆ ಏನು? ನಿಯಮ ಬರುವವರೆಗೆ ಹಳೆಯದೇ ನಡೆಯುತ್ತೆ ಅಂತ ಒಬ್ಬ ಕನ್ಸಲ್ಟೆಂಟ್, ಈಗಿನಿಂದಲೇ ಎಂಟು ಅಂತ ಇನ್ನೊಬ್ಬರು. ಮಾಲೀಕರು ಆರು ದಿನ ಎಂಟೆಂಟು ಗಂಟೆ ಮಾಡಿಬಿಡೋಣ ಅಂದರು. ಶಿರಾ, ಮಧುಗಿರಿ, ಕೊರಟಗೆರೆ ಕಡೆಯ ಹುಡುಗರು ಒಪ್ಪಲಿಲ್ಲ. ಅವರು ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಊರಿಗೆ ಹೋಗಿ ಹೊಲದ ಕೆಲಸ ನೋಡುವವರು. ಕೆಲವರ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಮಾತ್ರ. ಕೂತು ಮಾತಾಡಿದ ಮೇಲೆ ಒಂದು ದಾರಿ ಸಿಕ್ಕಿತು. ಶನಿವಾರದ ಶಿಫ್ಟು ಬೆಳಿಗ್ಗೆ ಆರಕ್ಕೆ ಶುರು, ಮಧ್ಯೆ ಅರ್ಧ ಗಂಟೆ ವಿರಾಮ, ಎರಡೂವರೆಗೆ ಬಿಡುವುದು. ಉಳಿದ ದಿನ ಸಂಜೆ ಒಂದು ಗಂಟೆ ಮುಂಚೆ ಮನೆಗೆ. ಎಲ್ಲರಿಗೂ ಪೂರ್ತಿ ಸಮಾಧಾನ ಆಯಿತು ಅಂತ ಹೇಳಲಾರೆ, ಆದರೆ ಮೂರು ಗಂಟೆಯ ಬಸ್ಸು ಸಿಗುತ್ತೆ.

ಓಟಿಯ ದರದ ಬಗ್ಗೆ ನಾನು ಸ್ವಲ್ಪ ಜೋರಾಗಿಯೇ ಜಗಳ ಆಡಿದೆ. ನಮ್ಮಲ್ಲಿ ಒಬ್ಬ ಆಪರೇಟರಿಗೆ ಎಲ್ಲ ಸೇರಿ 20,800 ಅಂತ ಇಟ್ಟುಕೊಳ್ಳಿ. 26 ದಿನ, 8 ಗಂಟೆ, ಅಂದರೆ 208 ಗಂಟೆ. ಗಂಟೆಗೆ 100, ಓಟಿಗೆ 200. ಹಳೆಯ ಕಾಯ್ದೆಯಲ್ಲಿ ಬೇಸಿಕ್ ಜೊತೆ ಭತ್ಯೆಗಳೂ ಸೇರುತ್ತಿದ್ದುದರಿಂದ ನಾವು ಹೀಗೆ ಕೊಡುತ್ತಿದ್ದೆವು. ಹೊಸ ವ್ಯಾಖ್ಯೆಯಲ್ಲಿ ಮನೆ ಬಾಡಿಗೆ, ಪ್ರಯಾಣ ಭತ್ಯೆ ಬಿಟ್ಟರೆ ಅವರ ವೇತನ 15,600 ಆಗುತ್ತೆ. ಗಂಟೆಗೆ 75, ಓಟಿಗೆ 150. "ಕಾನೂನೇ ಹೇಳುತ್ತಲ್ಲ, ಇನ್ನು ಮೇಲೆ ಹೀಗೇ ಹಾಕೋಣ" ಅಂತ ಒಬ್ಬರು ಅಂದರು. ಗಂಟೆಗೆ 50 ರೂಪಾಯಿ ಕಮ್ಮಿ! ಸುಡುವ ಯಂತ್ರದ ಮುಂದೆ ಹತ್ತನೇ ಗಂಟೆ ನಿಂತವನ ಕೈಯಿಂದ ಆ ಐವತ್ತನ್ನು ಕಿತ್ತುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಕಾನೂನು ಹೇಳುವುದು ಇಷ್ಟಕ್ಕಿಂತ ಕಮ್ಮಿ ಕೊಡಬೇಡಿ ಅಂತ. ಜಾಸ್ತಿ ಕೊಡಬೇಡಿ ಅಂತ ಎಲ್ಲೂ ಇಲ್ಲ. ಹಳೆಯ ದರವೇ ಉಳಿಯಿತು. ಹೊಸದಾಗಿ ಓಟಿಗೆ ಬಂದ ಸ್ಟಾಫಿಗೂ ಅದೇ ರೀತಿ ಲೆಕ್ಕ. ನಿಮ್ಮ ಫ್ಯಾಕ್ಟರಿಯಲ್ಲಿ ಈ ಮಾತು ಬಂದರೆ ಒಬ್ಬರ ಪೇಸ್ಲಿಪ್ ಹಿಡಿದು ಹೀಗೆ ಎರಡೂ ಲೆಕ್ಕ ಬರೆದು ತೋರಿಸಿ. ಬಾಯಲ್ಲಿ ಹೇಳಿದರೆ ಯಾರಿಗೂ ತಟ್ಟುವುದಿಲ್ಲ.

ಕೆಲಸಗಾರರು ಜಾಸ್ತಿ ಕೇಳಿದ ಪ್ರಶ್ನೆ ಇಎಸ್‌ಐದು. "ಓಟಿ ಸೇರಿ 21,000 ದಾಟಿದರೆ ಇಎಸ್‌ಐ ಹೋಗುತ್ತಾ ಮೇಡಂ?" ಹೋಗುವುದಿಲ್ಲ. ಇಎಸ್‌ಐ ಸಿಗಲು ಇರುವ ಆ ವೇತನ ಮಿತಿ ನೋಡುವಾಗ ಓಟಿ ಹಿಡಿಯುವುದಿಲ್ಲ. ಒಬ್ಬರ ಹೆಂಡತಿಗೆ ಡಯಾಲಿಸಿಸ್ ಇಎಸ್‌ಐನಲ್ಲೇ ನಡೆಯುತ್ತಿದೆ. ಅವರು ಇದೇ ಹೆದರಿಕೆಯಿಂದ ಓಟಿ ಬೇಡ ಅಂತ ಬರೆದುಕೊಡಲು ಬಂದಿದ್ದರು. ಓಟಿ ದುಡ್ಡಿನಲ್ಲಿ ಸಾಮಾನ್ಯವಾಗಿ ಪಿಎಫ್ ಕೂಡ ಕಡಿತ ಆಗುವುದಿಲ್ಲ. ಈ ಎರಡು ವಿಷಯ ಪಂಚಿಂಗ್ ಯಂತ್ರದ ಪಕ್ಕ ದೊಡ್ಡದಾಗಿ ಬರೆದು ಅಂಟಿಸಿದೆ.

ಖರ್ಚು ಅಂತ ನೋಡಿದರೆ ಕನ್ಸಲ್ಟೆಂಟ್ ಫೀಸು, ಪೇರೋಲ್ ಸಾಫ್ಟ್‌ವೇರ್ ಬದಲಾಯಿಸಿದ್ದಕ್ಕೆ ಕೊಟ್ಟಿದ್ದು ದೊಡ್ಡದೇನಲ್ಲ. ಸಾಫ್ಟ್‌ವೇರಿನವರು "ಸ್ಟಾಫ್" ಅಂತ ಇದ್ದ ಗ್ರೇಡಿಗೆ ಓಟಿ ಬರದ ಹಾಗೆ ಮೊದಲೇ ಬೀಗ ಹಾಕಿಟ್ಟಿದ್ದರು. ಅದನ್ನು ತೆಗೆಸಲು ದಿನಾ ಫೋನು ಮಾಡಬೇಕಾಯಿತು. ಡಿಸೆಂಬರ್ ಸಂಬಳದಲ್ಲಿ ಸ್ಟಾಫಿನ ಓಟಿಯನ್ನು ಕೈಯಲ್ಲೇ ಲೆಕ್ಕ ಹಾಕಿ ಸೇರಿಸಿದೆ. ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಂಬಳ ಹಾಕಲೇಬೇಕು, ಸಾಫ್ಟ್‌ವೇರ್ ಕಾಯುತ್ತಾ ಕೂರುವ ಹಾಗಿಲ್ಲ. ಸ್ಟಾಫಿಗೆ ಓಟಿ ಶುರುವಾದ ಮೇಲೆ ಇನ್ನೊಂದು ಗೊತ್ತಾಯಿತು. ಮುಂಚೆ ಎಂಟರವರೆಗೆ ಕೂರಿಸುತ್ತಿದ್ದ ಮೀಟಿಂಗುಗಳು ಈಗ ಐದಕ್ಕೆ ಮುಗಿಯುತ್ತಿವೆ.

ಕೊನೆಗೆ ಉಳಿದಿದ್ದು ಗೇಟಿನ ಸೆಕ್ಯುರಿಟಿಯವರು. ಅವರು ಗುತ್ತಿಗೆದಾರರ ಕಡೆಯವರು, ಹಾಗಾಗಿ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಆದರೆ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಜವಾಬ್ದಾರಿ ಕೆಲಸ ಮಾಡಿಸಿಕೊಂಡ ನಮ್ಮ ಮೇಲೇ ಬರುತ್ತದೆ. ಬಿಲ್ಲು ತರಿಸಿ ನೋಡಿದೆ. ಹನ್ನೆರಡು ಗಂಟೆ ನಿಂತರೆ "ಒಂದೂವರೆ ಡ್ಯೂಟಿ" ಅಂತ ಬರೆದಿದ್ದರು. ಎಂಟು ಗಂಟೆ ಒಂದು ಡ್ಯೂಟಿ. ಉಳಿದ ನಾಲ್ಕು ಗಂಟೆಗೆ ದುಪ್ಪಟ್ಟು ಅಂದರೆ ಎಂಟು ಗಂಟೆಯ ಕೂಲಿ. ಒಟ್ಟು ಎರಡು ಡ್ಯೂಟಿ ಆಗಬೇಕು. ದಿನಾ ಅರ್ಧ ಡ್ಯೂಟಿಯ ದುಡ್ಡು ಅವರಿಗೆ ಸಿಗುತ್ತಿರಲಿಲ್ಲ. ಗುತ್ತಿಗೆದಾರರು "ಎಲ್ಲಾ ಕಡೆ ಹೀಗೇ ನಡೆಯೋದು ಮೇಡಂ" ಅಂದರು. ಎಂಟು ಗಂಟೆಯ ಮೂರು ಶಿಫ್ಟು ಮಾಡಿ, ಇಲ್ಲವಾದರೆ ಎರಡು ಡ್ಯೂಟಿ ಬರೆಯಿರಿ ಅಂತ ಮಾಲೀಕರ ಸಹಿಯಲ್ಲಿ ಪತ್ರ ಕೊಟ್ಟೆವು. ಜನವರಿ ಬಿಲ್ಲು ಎರಡು ಡ್ಯೂಟಿಯ ಲೆಕ್ಕದಲ್ಲಿ ಬಂತು. ಹಿಂದಿನ ತಿಂಗಳುಗಳ ಬಾಕಿ ಇನ್ನೂ ತೀರಿಲ್ಲ, ಅದು ಕೊಡುವವರೆಗೆ ಅವರ ಬಿಲ್ಲಿನಲ್ಲಿ ಒಂದು ಪಾಲು ತಡೆಹಿಡಿದಿದ್ದೇವೆ. ನಿಮ್ಮಲ್ಲಿ ಗುತ್ತಿಗೆಯವರು ಇದ್ದರೆ ಹಾಜರಿ ಪುಸ್ತಕ ಮತ್ತು ಬಿಲ್ಲು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಸಾಧ್ಯವಾದರೆ ಅವರ ಬ್ಯಾಂಕಿನ ಪಾಸ್‌ಬುಕ್ಕನ್ನೂ ಕೇಳಿ ನೋಡಿ.